ಉದ್ಯೋಗದ ಬಳಲಿಕೆ

ನಾನು ಈ ಕಾಲೇಜಿನ ಬಿ.ಎ. ತರಗತಿಗೆ ಬಂದುದು 25ನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ 4 ವರ್ಷ ಬೆಂಗಳೂರಿನ ಕಾಲ್ ಸೆಂಟರೊಂದರಲ್ಲಿ ರಾತ್ರಿ ಪಾಳಿ ಮಾಡಿದೆ. "ಒಳ್ಳೆಯ ಸಂಬಳ ಬಿಟ್ಟು ಬಂದಿರೇಕೆ?" ಎಂದು ಸಹಪಾಠಿಗಳು ಕೇಳುವುದುಂಟು.

ದಣಿವು ಬೇರೆ, ಬಳಲಿಕೆ ಬೇರೆ. ದಣಿದವನು ಒಂದು ಭಾನುವಾರ ನಿದ್ದೆಮಾಡಿದರೆ ಚೇತರಿಸಿಕೊಳ್ಳುತ್ತಾನೆ. ನಾನಾದರೋ ಹದಿನೈದು ದಿನ ಊರಿನಲ್ಲಿದ್ದು ಹಿಂತಿರುಗಿದರೂ ಮೊದಲ ಕರೆಗೇ ಕೈ ನಡುಗುತ್ತಿತ್ತು. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಮನೋವಿಜ್ಞಾನಿ ಫ್ರಾಯ್ಡನ್‌ಬರ್ಗರ್, ಉತ್ಸಾಹದಿಂದ ಬಂದ ಸ್ವಯಂಸೇವಕರೇ ಹೀಗೆ ಸೊರಗುವುದನ್ನು ಕಂಡು, 1974ರಲ್ಲಿ 'ಬರ್ನ್ ಔಟ್' ಎಂಬ ಹೆಸರಿನಿಂದ ಅದನ್ನು ವಿವರಿಸಿದರು. 1981ರಲ್ಲಿ ಮಾಸ್ಲಾಕ್ ಮತ್ತು ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅವರು ಗುರುತಿಸಿದ ಲಕ್ಷಣಗಳು ಮೂರು: ಮನಸ್ಸಿನ ಸತ್ತ್ವ ಬತ್ತುವುದು, ಎದುರಿನವರಲ್ಲಿ ನಿರ್ದಯೆ, 'ನನ್ನಿಂದೇನೂ ಆಗಲಿಲ್ಲ' ಎಂಬ ಭಾವ.

ಎರಡನೆಯದೇ ನನ್ನನ್ನು ಹೆದರಿಸಿದುದು. ಒಂದು ರಾತ್ರಿ ದೂರದ ಅಮೆರಿಕದಿಂದ ಮುದುಕಿಯೊಬ್ಬರು ಫೋನಿನಲ್ಲಿ ಅಳುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಕರೆ ಉದ್ದವಾದರೆ ನನ್ನ ಲೆಕ್ಕ ಕೆಡುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆನ್ನದೆ, ಕೆಲಸದ ತಾಣದಲ್ಲಿ ನಿಭಾಯಿಸದೆ ಉಳಿದ ದೀರ್ಘ ಒತ್ತಡದ ಫಲವೆಂದಿತು. ಆದುದರಿಂದ ಕೆಲಸ ಬದಲಿಸಿದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗದು. ಹೊಸ ತಾಣದಲ್ಲಿಯೂ ಅದೇ ಒತ್ತಡವಿದ್ದರೆ ಅದೇ ಪಾಡು. ಮೇಲಾಗಿ ಎಲ್ಲರಿಗೂ ಬಿಡುವ ಅನುಕೂಲವೆಲ್ಲಿ? ತಂಗಿಯ ಮದುವೆಯ ಸಾಲ ನನಗೆ ಇನ್ನೂ ತೀರಿಲ್ಲ. ಬೆಳಿಗ್ಗೆ ಮನೆಮನೆಗೆ ಪತ್ರಿಕೆ ಹಾಕಿ, ಸಂಜೆ ಮಕ್ಕಳಿಗೆ ಪಾಠ ಹೇಳುತ್ತೇನೆ. ಮುಂದೆ ಉಪಾಧ್ಯಾಯನಾಗುವ ಆಸೆ.

ಮೊನ್ನೆ ಬ್ಯಾಂಕಿನಲ್ಲಿ ಅಜ್ಜಿಯೊಬ್ಬರಿಗೆ ಚಲನ್ ತುಂಬಿಕೊಡುತ್ತ, ಅವರ ಮೊಮ್ಮಗನ ಕಥೆಯನ್ನೆಲ್ಲ ಕೇಳಿದೆ. ಅಂದು ಇತಿಹಾಸದ ತರಗತಿಗೆ ಹಾಜರಿ ತಪ್ಪಿತು; ಗುರುಗಳು ಕ್ಷಮಿಸಬೇಕು.