ಸಕ್ಕರೆಗೆ ಬೆಲೆಯೋ, ನೆಲಕ್ಕೆ ಬೆಲೆಯೋ?

ನಮ್ಮದು ದೊಡ್ಡಬೆಳವಂಗಲ. ಮೂರು ಎಕರೆ ಖುಷ್ಕಿಯಲ್ಲಿ ರಾಗಿ, ಸಾಲಿಗೆ ಅವರೆ, ತೊಗರಿ. ಅಣ್ಣನ ಜೊತೆ ಪಾಲಿನಲ್ಲಿರುವ ಬೋರ್‌ವೆಲ್ ನಂಬಿ ಒಂದು ಎಕರೆ ಬೆಂಗಳೂರು ನೀಲಿ ದ್ರಾಕ್ಷಿ ಚಪ್ಪರ. ಎರಡು ವರ್ಷದ ಹಿಂದೆ ಹಣ್ಣು ಕೊಯ್ಲಿಗೆ ಬಂದಾಗ ಮೂರು ದಿನ ಮಳೆ ಹಿಡಿಯಿತು. ನಾಲ್ಕನೇ ದಿನ ವ್ಯಾಪಾರಿ ಬಂದು ಜೇಬಿನಿಂದ ಗೇಣುದ್ದದ ಕೊಳವೆ ತೆಗೆದ. ಗೊಂಚಲಿನ ತುದಿಯಿಂದ ಒಂದು ಹಣ್ಣು ಹಿಂಡಿ, ಗಾಜಿನ ಮೇಲೆ ತೊಟ್ಟು ರಸ ಬಿಟ್ಟು, ಕಣ್ಣಿಗೆ ಹಿಡಿದು “ಹದಿಮೂರು ಅಷ್ಟೆ” ಅಂದ. ಮೊದಲು ಒಪ್ಪಿದ್ದ ರೇಟಿನಲ್ಲಿ ಕಿಲೋಗೆ ನಾಲ್ಕು ರೂಪಾಯಿ ಮುರಿದುಕೊಂಡ. ಆ ಕೊಳವೆಯೊಳಗೆ ಏನು ಕಾಣುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಜರ್ಮನಿಯಲ್ಲಿ ಕೆಲಸಕ್ಕಿರುವ ತಂಗಿ ಮಗ ಹಬ್ಬಕ್ಕೆ ಬಂದಾಗ ಇದನ್ನು ಹೇಳಿಕೊಂಡೆ. “ಮಾವ, ಹಣ್ಣಿಗೆ ದರ್ಜೆ ಕೊಡೋದು ಹೇಗೆ ಅನ್ನೋ ಜಗಳ ಅಲ್ಲೂ ವರ್ಷಗಟ್ಟಲೆ ನಡೆದಿದೆ” ಅಂದ. ಅವನು ಹೇಳಿದ್ದು, ಆಮೇಲೆ ನಾನು ಕೇಳಿ ತಿಳಿದದ್ದು ಇಲ್ಲಿ ಬರೆದಿದ್ದೇನೆ. ನಾನು ವೈನ್ ಕುಡಿದವನಲ್ಲ. ದ್ರಾಕ್ಷಿ ಬೆಳೆದವನು, ಅಷ್ಟೆ.

ಗೋಡೆಯಂಥ ಇಳಿಜಾರು

ಜರ್ಮನಿಯಲ್ಲಿ ವೈನ್ ದ್ರಾಕ್ಷಿ ಬೆಳೆಯುವ 13 ಪ್ರದೇಶಗಳಿವೆ. ಅದರಲ್ಲಿ ಮೋಸೆಲ್ ನದಿಯ ಕಣಿವೆ ಹೆಸರಾದದ್ದು. ಅಲ್ಲಿ ತೋಟ ಇರುವುದು ನದಿಯಿಂದ ಎದ್ದ ಗುಡ್ಡದ ಮೈಮೇಲೆ. ಬ್ರೆಮ್ ಎಂಬ ಊರಿನ ಕಾಲ್ಮೋಂಟ್ ಗುಡ್ಡ ಕೆಲವು ಕಡೆ 65 ಡಿಗ್ರಿಯಷ್ಟು ಕಡಿದು. ನಿಲ್ಲುವುದೇ ಕಷ್ಟ. ಟ್ರಾಕ್ಟರ್ ಹತ್ತುವುದಿಲ್ಲ. ಎಷ್ಟೋ ಕಡೆ ಪ್ರತಿ ಬಳ್ಳಿಗೂ ಒಂಟಿ ಗೂಟ, ಕೊಯ್ಲೆಲ್ಲ ಕೈಯಲ್ಲೇ. ಹಣ್ಣು ಇಳಿಸಲು ಒಂಟಿ ಹಳಿಯ ಸಣ್ಣ ಗಾಡಿ ಹಾಕಿಕೊಂಡಿದ್ದಾರೆ. ಬಯಲಿನ ತೋಟಕ್ಕಿಂತ ಮೂರು ನಾಲ್ಕು ಪಟ್ಟು ಆಳು ಬೇಕು.

ಅಷ್ಟು ಕಷ್ಟಪಟ್ಟು ಅಲ್ಲೇ ಯಾಕೆ ಬೆಳೆಯಬೇಕು? ಅದು ಚಳಿ ದೇಶ. ಸೂರ್ಯ ನಮ್ಮಲ್ಲಿ ಹಾಗೆ ನೆತ್ತಿಗೆ ಬರುವುದಿಲ್ಲ, ಓರೆಯಾಗಿಯೇ ಇರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಆ ಓರೆ ಬಿಸಿಲು ನೇರವಾಗಿ ಬೀಳುತ್ತೆ. ನೆಲದ ತುಂಬ ಕಪ್ಪು ಸ್ಲೇಟು ಕಲ್ಲಿನ ಚೂರು. ಅವು ಹಗಲು ಕಾದು ರಾತ್ರಿ ಬಳ್ಳಿಗೆ ಶಾಖ ಬಿಡುತ್ತವೆ. ಕೆಳಗಿನ ನದಿಯಿಂದ ಹಿಮದ ಹೊಡೆತ ಕಡಿಮೆ. ಹೀಗಾಗಿ ತಡವಾಗಿ ಮಾಗುವ ರೀಸ್ಲಿಂಗ್ ತಳಿ ಅಲ್ಲಿ ಚೆನ್ನಾಗಿ ಹಣ್ಣಾಗುತ್ತೆ. ನಮಗೆ ನೀರಿನ ಚಿಂತೆ, ಅವರಿಗೆ ಬಿಸಿಲಿನ ಚಿಂತೆ.

ಮೊದಲು ನೆಲಕ್ಕೆ, ಆಮೇಲೆ ಸಕ್ಕರೆಗೆ

ನಮ್ಮ ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಅಂತ ಇದ್ದು ಅದರ ಮೇಲೆ ಕಂದಾಯ ನಿಂತಿತ್ತಲ್ಲ, ಅಲ್ಲೂ ಅಂಥದೇ ಒಂದು ಲೆಕ್ಕ ಇತ್ತು. 1868ರಲ್ಲಿ ಮೋಸೆಲ್ ಸೀಮೆಯ ತೋಟಗಳ ನಕ್ಷೆ ಮಾಡಿ, ಹೆಚ್ಚು ಆದಾಯದ, ಹೆಚ್ಚು ತೆರಿಗೆಯ ತಾಕುಗಳಿಗೆ ಗಾಢ ಕೆಂಪು, ಕಡಿಮೆಯದಕ್ಕೆ ತಿಳಿ ಕೆಂಪು ಬಣ್ಣ ಹಾಕಿದರು. ಯಾವ ಗುಡ್ಡ ಒಳ್ಳೆಯದು ಅಂತ ಕಂದಾಯದ ಕಾಗದವೇ ಹೇಳುತ್ತಿತ್ತು.

1971ರ ವೈನ್ ಕಾನೂನು ಈ ನೆಲದ ತಾರತಮ್ಯವನ್ನು ಬದಿಗಿಟ್ಟು ಸಕ್ಕರೆ ನೋಡಿ ದರ್ಜೆ ಕೊಟ್ಟಿತು. ಅವರ ಅಳತೆಯ ಹೆಸರು ಎಕ್ಸ್‌ಲೆ. ಒಂದು ಲೀಟರ್ ನೀರು 1000 ಗ್ರಾಂ. ಒಂದು ಲೀಟರ್ ದ್ರಾಕ್ಷಿ ರಸ 1080 ಗ್ರಾಂ ತೂಗಿದರೆ ಅದು 80 ಎಕ್ಸ್‌ಲೆ. ನಮ್ಮ ಬ್ರಿಕ್ಸ್ ಲೆಕ್ಕದಲ್ಲಿ ಹತ್ತೊಂಬತ್ತರ ಮೇಲೆ ಸ್ವಲ್ಪ. ನಮ್ಮ 16 ಬ್ರಿಕ್ಸ್ ಅಂದ್ರೆ ಅವರ 65. ಮೇಲ್ದರ್ಜೆಯ ಮೊದಲ ಮೆಟ್ಟಿಲು ಕಾಬಿನೆಟ್, ಆಮೇಲೆ ತಡವಾಗಿ ಕೊಯ್ದದ್ದು, ಆರಿಸಿದ ಗೊಂಚಲಿನದು, ಆರಿಸಿದ ಬಿಡಿ ಹಣ್ಣಿನದು. ಬಳ್ಳಿಯಲ್ಲೇ ಒಣಗಿದ ಹಣ್ಣಿನದು ಎಲ್ಲಕ್ಕಿಂತ ಮೇಲೆ, ಅದಕ್ಕೆ 150ರ ಆಸುಪಾಸು ಬೇಕು. ಗಿಡದಲ್ಲೇ ಹೆಪ್ಪುಗಟ್ಟಿದ ಹಣ್ಣಿನ ಐಸ್‌ವೈನ್ ಬೇರೆ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಬಯಲಿನಲ್ಲಿ ಬೇಗ ಮಾಗುವ ತಳಿ ಹಾಕಿ ಮಿಷನ್ನಿನಲ್ಲಿ ಕೊಯ್ದವನಿಗೂ ಅದೇ ದರ್ಜೆ ಸಿಕ್ಕಿತು. ಇನ್ನೊಂದು ಪೆಟ್ಟು ಹೆಸರಿನದು. ಪೀಸ್‌ಪೋರ್ಟ್ ಎಂಬ ಊರಿನಲ್ಲಿ ‘ಚಿನ್ನದ ಹನಿ’ ಎಂಬ ಅರ್ಥದ ಹೆಸರಿನ ಕಡಿದಾದ ತೋಟ ಇದೆ. ಆ ಊರಿನ ಹೆಸರಿನ ಜೊತೆ ‘ಮಿಶೆಲ್ಸ್‌ಬೆರ್ಗ್’ ಅಂತ ಸೇರಿಸಿ ಸುತ್ತಲಿನ ಬೇರೆ ಊರುಗಳ, ಬಯಲಿನ ವೈನನ್ನೂ ಮಾರಲು ಕಾನೂನೇ ಅವಕಾಶ ಕೊಟ್ಟಿತು. ಕೊಳ್ಳುವವನಿಗೆ ಎರಡೂ ಒಂದೇ ಊರಿನ ಮಾಲು. ಹೆಸರು ಕಟ್ಟಿದವರು ಗುಡ್ಡ ಹತ್ತಿದವರು, ಅದರ ಮೇಲೆ ಮಾರಿದವರು ಬೇರೆ.

ಒಳ್ಳೆಯ ತೋಟಗಳ ಬೆಳೆಗಾರರ ಸಂಘ ಒಂದಿದೆ, ವಿ.ಡಿ.ಪಿ. ಅಂತ, 1910ರದ್ದು. ಅವರು ಸರ್ಕಾರಕ್ಕೆ ಕಾಯದೆ ತಾವೇ ನೆಲ ನೋಡಿ ದರ್ಜೆ ಮಾಡಿಕೊಂಡರು. 2012ರಲ್ಲಿ ಅದನ್ನು ನಾಲ್ಕು ಮೆಟ್ಟಿಲಾಗಿಸಿದರು. 2021ರಲ್ಲಿ ಸರ್ಕಾರದ ಕಾನೂನೂ ಅದೇ ದಾರಿಗೆ ಬಂತು: ಪ್ರದೇಶ, ಊರು, ತಾಕು. ಹೆಸರಿಸಿದ ಜಾಗ ಎಷ್ಟು ಚಿಕ್ಕದೋ ನಿಯಮ ಅಷ್ಟು ಬಿಗಿ.

ನಮ್ಮ ನಂದಿ ಸೀಮೆ

ನಮ್ಮ ತಾಲ್ಲೂಕಿಗೂ ವೈನಿಗೂ ನಂಟು ಹೊಸದಲ್ಲ. ರಘುನಾಥಪುರದ ಹತ್ತಿರ ಗ್ರೋವರ್ ಅವರ ತೋಟ 1988ರಿಂದ ಇದೆ. ಅಲ್ಲಿ ಬೆಳೆಯುವುದು ಫ್ರಾನ್ಸಿನ ತಳಿಗಳು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಅನ್ನುವ ಹೆಸರು ಬಳಕೆಗೆ ಬಂತು.

ನಮ್ಮಂಥ ಸಣ್ಣ ರೈತರ ಬೆಳೆ ಬೆಂಗಳೂರು ನೀಲಿ. ಮೂಲ ಅಮೆರಿಕದ ರಕ್ತ ಇರುವ ತಳಿ. ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು. ತಿನ್ನಲು, ಜ್ಯೂಸಿಗೆ, ಜಾಮಿಗೆ, ಸಿಹಿ ವೈನಿಗೆ ಹೋಗುತ್ತೆ. ಅದರ ವಾಸನೆ ಬೇರೆ ದ್ರಾಕ್ಷಿಗೆ ಇಲ್ಲ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದ್ರೆ ಜಿ.ಐ. ಮಾನ್ಯತೆ ಸಿಕ್ಕಿತು. ಅಂದ್ರೆ ನಮ್ಮ ನೆಲದ ಹೆಸರಿಗೆ ಕಾನೂನಿನ ಬೇಲಿ ಇದೆ. ಆದರೆ ನನ್ನ ಕ್ರೇಟಿನ ಮೇಲೆ ಊರಿನ ಹೆಸರಿರಲಿಲ್ಲ, ಜಿ.ಐ. ಗುರುತೂ ಇರಲಿಲ್ಲ. ಆ ಗುರುತು ಹಾಕಲು ಬೆಳೆಗಾರ ಚೆನ್ನೈನ ಜಿ.ಐ. ನೋಂದಣಿ ಕಚೇರಿಯಲ್ಲಿ ‘ಅಧಿಕೃತ ಬಳಕೆದಾರ’ ಅಂತ ಹೆಸರು ಬರೆಸಬೇಕು. ಇದು ನನಗೆ ತಿಳಿದದ್ದೇ ಹೋದ ವರ್ಷ. ನಾವು ಎಂಟು ಜನ ಈಗ ಕಾಗದಪತ್ರ ಒಟ್ಟು ಮಾಡುತ್ತಿದ್ದೇವೆ.

ನಾನು ಕಲಿತದ್ದು

ಆ ಕೊಳವೆಯನ್ನು, ಅಂದ್ರೆ ಬ್ರಿಕ್ಸ್ ಮೀಟರನ್ನು, ಸಾವಿರ ಚಿಲ್ಲರೆ ಕೊಟ್ಟು ನಾನೂ ತಂದೆ. ಬಳಸುವಾಗ ನೆನಪಿಡಬೇಕಾದ್ದು ಇಷ್ಟು:

1. ಮೊದಲು ಶುದ್ಧ ನೀರಿನ ತೊಟ್ಟು ಹಾಕಿ ಗೆರೆ ಸೊನ್ನೆಗೆ ಬರುತ್ತಾ ನೋಡಿ.

2. ಒಂದು ಹಣ್ಣಿನ ಲೆಕ್ಕ ಲೆಕ್ಕವಲ್ಲ. ನನ್ನ ಚಪ್ಪರದಲ್ಲಿ ಒಂದೇ ಗೊಂಚಲಿನ ಮೇಲಿನ ಹಣ್ಣಿಗಿಂತ ತುದಿಯ ಹಣ್ಣು ಎರಡು ಡಿಗ್ರಿ ಕಡಿಮೆ ಇತ್ತು. ಬಿಸಿಲ ಕಡೆ, ನೆರಳ ಕಡೆ, ಮೇಲೆ, ನಡುವೆ, ತುದಿ ಹೀಗೆ ನೂರು ಹಣ್ಣು ಕಿತ್ತು, ಒಟ್ಟಿಗೆ ಹಿಂಡಿ ನೋಡಿ.

3. ದ್ರಾಕ್ಷಿ ಕಿತ್ತ ಮೇಲೆ ಸಿಹಿ ಏರುವುದಿಲ್ಲ. ಮಳೆ ಬಿದ್ದ ಕೂಡಲೇ ಕೊಯ್ದರೆ ಅಳತೆ ಕೆಳಗೆ ಬರುತ್ತೆ. ಹಣ್ಣು ಒಡೆಯುವ, ಕೊಳೆಯುವ ಸೂಚನೆ ಇಲ್ಲದಿದ್ದರೆ ಮೂರು ನಾಲ್ಕು ಬಿಸಿಲು ಕಾಯಿರಿ. ಕೊಯ್ಲಿಗೆ ಮುಂಚೆ ನೀರನ್ನೂ ಕಡಿಮೆ ಮಾಡಿ.

4. ದಿನಾಂಕ, ಅಳತೆ, ರೇಟು ಮೂರನ್ನೂ ಪುಸ್ತಕದಲ್ಲಿ ಬರೆಯಿರಿ.

ಹೋದ ಬೆಳೆಯಲ್ಲಿ ಅದೇ ವ್ಯಾಪಾರಿ ಬಂದ. ತುದಿಯ ಹಣ್ಣಿಗೆ ಕೈ ಹಾಕಿದಾಗ ನನ್ನ ಚೊಂಬಿನ ರಸ ಮುಂದಿಟ್ಟೆ. ಅವನ ಕೊಳವೆಯಲ್ಲೂ ನನ್ನದರಲ್ಲೂ ಹದಿನಾರು. ಮಾತಾಡಿದ್ದ ರೇಟೇ ಕೊಟ್ಟ. ಹೆಚ್ಚಿಗೆ ಏನೂ ಕೊಡಲಿಲ್ಲ, ಅದನ್ನೂ ಹೇಳಬೇಕು. ಸಕ್ಕರೆಯ ಅಳತೆ ಕಲಿತರೆ ಮೋಸ ತಪ್ಪುತ್ತೆ, ಅಷ್ಟೆ. ಹೆಚ್ಚಿನ ಬೆಲೆ ಬೇಕಾದರೆ ನೆಲದ ಹೆಸರೂ ಕ್ರೇಟಿನ ಮೇಲೆ ಬರಬೇಕು, ಅದು ಒಬ್ಬನಿಂದ ಆಗುವ ಕೆಲಸವಲ್ಲ. ಜಿ.ಐ. ಗುರುತು ಹಾಕಿ ಹಣ್ಣು ಮಾರಿದ ರೈತರು ಯಾರಾದರೂ ಇದ್ದರೆ ತಮ್ಮ ಅನುಭವವನ್ನು ಪತ್ರಿಕೆಗೆ ಬರೆಯಬೇಕಾಗಿ ಕೇಳಿಕೊಳ್ಳುತ್ತೇನೆ.