ನೆಲನೆಲ್ಲಿಯೂ ಡಾ. ಬ್ಲಂಬರ್ಗರೂ

ಮಳೆ ಹಿಡಿದು ಒಂದು ತಿಂಗಳಾದರೆ ಸಾಕು, ನಮ್ಮ ಅಡಿಕೆ ತೋಟಗಳಲ್ಲಿ, ಅಂಗಳದ ಬದಿಯಲ್ಲಿ ಗೇಣುದ್ದದ ಒಂದು ಗಿಡ ತಾನಾಗಿಯೇ ಹುಟ್ಟುತ್ತದೆ. ಎಲೆಗಳ ಅಡಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಕಾಯಿಗಳು. ನಾವು ಅದನ್ನು ನೆಲನೆಲ್ಲಿ ಎನ್ನುತ್ತೇವೆ. ನೆರೆಯ ಮಲಯಾಳಿಗಳಿಗೆ ಅದು ಕೀಳಾರ್‌ನೆಲ್ಲಿ. ಮನೆಯಲ್ಲಿ ಯಾರದಾದರೂ ಕಣ್ಣು ಹಳದಿಯಾದರೆ ಅಜ್ಜಿಯಂದಿರು ಮೊದಲು ಹುಡುಕುವುದು ಇದನ್ನೇ. ನೊಬೆಲ್ ಬಹುಮಾನ ಪಡೆದ ಅಮೇರಿಕದ ವೈದ್ಯರೊಬ್ಬರೂ ಈ ಜಾತಿಯ ಗಿಡದ ಗುಣವನ್ನು ಪರೀಕ್ಷಿಸುವ ಕೆಲಸದಲ್ಲಿ ಪಾಲುಗೊಂಡಿದ್ದರು. ಅವರೇ ಡಾ. ಬರೂಕ್ ಬ್ಲಂಬರ್ಗ್.

ಕಾಮಾಲೆ ಎಂಬುದು ನಿಜವಾಗಿ ಒಂದು ರೋಗದ ಹೆಸರಲ್ಲ, ರೋಗದ ಚಿಹ್ನೆ. ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬಾಳಿ ಒಡೆಯುತ್ತವೆ. ಆಗ ಉಂಟಾಗುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಪಿತ್ತರಸದೊಡನೆ ಕರುಳಿಗೆ ಸಾಗಿಸುತ್ತದೆ. ಯಕೃತ್ತು ಸೋತರೆ ಅದು ರಕ್ತದಲ್ಲೇ ಉಳಿದು ಕಣ್ಣು, ಚರ್ಮಗಳಿಗೆ ಬಣ್ಣ ಹಚ್ಚುತ್ತದೆ. ಯಕೃತ್ತು ಸೋಲಲು ಕಾರಣಗಳು ಹಲವು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಒಂದು. ರಕ್ತದ ಮೂಲಕ, ತಾಯಿಯಿಂದ ಮಗುವಿಗೆ ಹರಡುವ ‘ಬಿ’ ಇನ್ನೊಂದು.

ಬ್ಲಂಬರ್ಗರು ಹುಡುಕಹೊರಟದ್ದು ಕಾಮಾಲೆಯನ್ನಲ್ಲ. 1950ರಲ್ಲಿ, ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ, ಅವರು ದಕ್ಷಿಣ ಅಮೇರಿಕದ ಸುರಿನಾಮಿನಲ್ಲಿ ಕೆಲಸ ಮಾಡಿದರು. ಒಂದೇ ಊರಿನಲ್ಲಿದ್ದರೂ ಕೆಲವು ಜನಾಂಗದವರಿಗೆ ಆನೆಕಾಲು ರೋಗ ಹೆಚ್ಚು, ಕೆಲವರಿಗೆ ಕಡಿಮೆ. ಹೀಗೇಕೆ? ಈ ಪ್ರಶ್ನೆಯನ್ನು ಅವರು ಕೈಬಿಡಲಿಲ್ಲ. ದೇಶದೇಶಗಳ ಜನರ ರಕ್ತದ ಮಾದರಿಗಳನ್ನು ಕೂಡಿಹಾಕಿ ಒಂದಕ್ಕೊಂದನ್ನು ತಾಳೆ ನೋಡಿದರು. 1963ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಹೊಸದೊಂದು ಪ್ರೋಟೀನು ಕಂಡಿತು. ಅದಕ್ಕೆ ‘ಆಸ್ಟ್ರೇಲಿಯ ಆಂಟಿಜೆನ್’ ಎಂದು ಹೆಸರಿಟ್ಟರು. ಅದೇನೆಂದು ಮಾತ್ರ ಯಾರಿಗೂ ತಿಳಿಯದು! ಮುಂದೆ, ಮೊದಲು ಅದಿಲ್ಲದ ರೋಗಿಯೊಬ್ಬನ ರಕ್ತದಲ್ಲಿ ಅದು ಕಾಣಿಸಿಕೊಂಡಿತು. ಜೊತೆಗೇ ಅವನ ಯಕೃತ್ತಿಗೂ ರೋಗ ತಗುಲಿತ್ತು. 1967ರಲ್ಲಿ ಅವರ ಪ್ರಯೋಗಾಲಯದ ಸಹಾಯಕಿಗೇ ಮೈ ಸರಿಯಿಲ್ಲದಾಯಿತು. ಆಕೆ ತನ್ನ ರಕ್ತವನ್ನು ತಾನೇ ಪರೀಕ್ಷಿಸಿದಳು. ಆಂಟಿಜೆನ್ ಅದರಲ್ಲಿತ್ತು, ಕಾಮಾಲೆಯೂ ಬಂತು. ಹೀಗೆ ಗುಟ್ಟು ರಟ್ಟಾಯಿತು: ಅದು ‘ಬಿ’ ವೈರಸ್ಸಿನ ಹೊರಕವಚ.

ಇದರಿಂದ ದಾನಿಗಳ ರಕ್ತವನ್ನು ಪರೀಕ್ಷಿಸುವುದು ಸಾಧ್ಯವಾಯಿತು. 1969ರಲ್ಲಿ ಬ್ಲಂಬರ್ಗರೂ ಇರ್ವಿಂಗ್ ಮಿಲ್‌ಮನ್ನರೂ ಆ ಕವಚದಿಂದಲೇ ಲಸಿಕೆ ಮಾಡುವ ವಿಧಾನವನ್ನು ಮುಂದಿಟ್ಟರು. ಬ್ಲಂಬರ್ಗರಿಗೆ 1976ರಲ್ಲಿ ನೊಬೆಲ್ ಬಂತು. ಲಸಿಕೆಗೆ ಅಮೇರಿಕದಲ್ಲಿ 1981ರಲ್ಲಿ ಪರವಾನಗಿ ದೊರೆಯಿತು. ತೈವಾನ್ 1984ರಿಂದ ಶಿಶುಗಳಿಗೆ ಅದನ್ನು ಕೊಡತೊಡಗಿದಾಗ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರೂ ಇಳಿಯಿತು. ಕ್ಯಾನ್ಸರನ್ನು ಚುಚ್ಚುಮದ್ದು ತಡೆಯಬಲ್ಲದೆಂದು ಹಿಂದೆ ಯಾರು ನಂಬುತ್ತಿದ್ದರು?

ಇನ್ನು ನೆಲನೆಲ್ಲಿಯ ಸಂಗತಿ. ಮದರಾಸು ವಿಶ್ವವಿದ್ಯಾಲಯದ ಡಾ. ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲಂಬರ್ಗರೊಡನೆ ಸೇರಿ 1988ರಲ್ಲಿ ಒಂದು ವರದಿ ಪ್ರಕಟಿಸಿದರು. ‘ಬಿ’ ವೈರಸ್ಸನ್ನು ಬಹುಕಾಲದಿಂದ ಹೊತ್ತಿದ್ದ 37 ಮಂದಿಗೆ ಈ ಗಿಡದ ಪುಡಿ ಕೊಟ್ಟಾಗ 22 ಮಂದಿಯ ರಕ್ತದಿಂದ ಆಂಟಿಜೆನ್ ಮಾಯವಾಯಿತು. ಔಷಧವಿಲ್ಲದ ಪುಡಿ ತಿಂದ 23 ಮಂದಿಯಲ್ಲಿ ಒಬ್ಬನದು ಮಾತ್ರ. ಎಲ್ಲರಿಗೂ ಸಂತೋಷ. ಆದರೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ.

ಹಾಗಾದರೆ ಅಜ್ಜಿಯ ಮದ್ದಿನಿಂದ ಎಷ್ಟೋ ಜನ ಗುಣವಾದರಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ‘ಎ’ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೀರ್ತಿ ಮಾತ್ರ ಗಿಡಕ್ಕೆ ಸಲ್ಲುತ್ತದೆ. ‘ಬಿ’ ಹಾಗಲ್ಲ. ಹುಟ್ಟುವಾಗಲೇ ತಾಯಿಯಿಂದ ಅಂಟಿದರೆ ನೂರಕ್ಕೆ ತೊಂಬತ್ತು ಶಿಶುಗಳಲ್ಲಿ ಅದು ಬೀಡುಬಿಡುತ್ತದೆ. ಕಣ್ಣು ಹಳದಿಯಾಗದೆಯೇ ವರ್ಷಗಟ್ಟಲೆ ಯಕೃತ್ತನ್ನು ಕೊರೆಯುತ್ತದೆ. ಆದ್ದರಿಂದಲೇ ಈಗ ಮಗು ಹುಟ್ಟಿದ 24 ಗಂಟೆಗಳೊಳಗೆ ಮೊದಲ ಚುಚ್ಚುಮದ್ದು, ಮತ್ತೆ 6, 10, 14ನೆಯ ವಾರಗಳಲ್ಲಿ. ವಿದ್ಯಾರ್ಥಿಗಳೇ, ನಿಮ್ಮ ಲಸಿಕೆ ಕಾರ್ಡನ್ನು ಮನೆಯಲ್ಲಿ ತೆಗೆದು ನೋಡಿರಿ. ಹೆತ್ತವರ ಕಾಲದಲ್ಲಿ ಎಲ್ಲ ಶಿಶುಗಳಿಗೂ ಈ ಲಸಿಕೆ ಸಿಗುತ್ತಿರಲಿಲ್ಲ; ಅವರು ಒಂದು ರಕ್ತ ಪರೀಕ್ಷೆಯಿಂದ ತಿಳಿದುಕೊಳ್ಳಬಹುದು.