ನಮ್ಮ ಒಂಬತ್ತು, ರೋಮನ್ನರ ಒಂಬತ್ತು

ನನ್ನ ತಂಗಿಯ ಮೊಮ್ಮಗ ಐದನೆಯ ಇಯತ್ತೆಯಲ್ಲಿ ಓದುತ್ತಾನೆ. ಇಯತ್ತೆ ಅನ್ನುವುದು ಅವನ ಶಾಲೆಯ ಮಾತು, ಅದನ್ನೇ ಬರೆದಿದ್ದೇನೆ. ನಮ್ಮ ಹಿರೋಳ್ಳಿ ಆಳಂದ ತಾಲೂಕಿನ ಗಡಿಯ ಊರು. ಚೆಕ್‌ಪೋಸ್ಟ್ ದಾಟಿದರೆ ಮಹಾರಾಷ್ಟ್ರ. ಮುಂದೆ ವಾಗದರಿ, ಅದರಾಚೆ ಅಕ್ಕಲಕೋಟ. ತಂಗಿಯನ್ನು ಆ ಕಡೆ ಕೊಟ್ಟಿದ್ದೇವೆ. ಅಲ್ಲಿಯೂ ಕನ್ನಡ ಶಾಲೆಗಳುಂಟು. ಪುಸ್ತಕ ಕನ್ನಡದ್ದೇ, ಹೊರತರುವುದು ಮಾತ್ರ ಪುಣೆಯ ಬಾಲಭಾರತಿ.

ದೀಪಾವಳಿ ಸೂಟಿಗೆ ಬಂದವನು ಗಣಿತದ ಪುಸ್ತಕ ಚೀಲದಲ್ಲಿ ಹಾಕಿಕೊಂಡೇ ಬಂದಿದ್ದ. ಮೊದಲ ಪಾಠವೇ ರೋಮನ್ ಸಂಖ್ಯೆಗಳದ್ದು. I, V, X ಎಂಬ ಮೂರು ಗುರುತಿನಲ್ಲಿ ಇಪ್ಪತ್ತರವರೆಗೆ ಬರೆಯಬೇಕು. ಅವನ ವಹಿಯಲ್ಲಿ ಎಲ್ಲ ಸರಿಯಿತ್ತು, ಹತ್ತೊಂಬತ್ತಕ್ಕೆ ಮಾತ್ರ ಕೆಂಪು ಶಾಯಿಯ ಗುಣಾಕಾರ ಬಿದ್ದಿತ್ತು. ಅವನು ಬರೆದದ್ದು IXX.

"ಆಯಿ, ಒಂಬತ್ತಕ್ಕ IX ಅಂತ ಬರದ್ರ ಸರಿ ಅಂದ್ರು. ಇಪ್ಪತ್ತರಾಗ ಒಂದು ಕಡಿಮಿ ಅಂದ್ರ IXX ಆಗ್ಬೇಕಲ್ಲ? ಇದು ಯಾಕ ತಪ್ಪಾಯ್ತು?"

ಮೂವತ್ತು ವರ್ಷಕ್ಕೂ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಈ ಪ್ರಶ್ನೆಯನ್ನು ಒಂದು ಮಗುವೂ ನನಗೆ ಕೇಳಿರಲಿಲ್ಲ. ಕೇಳುವ ಧೈರ್ಯವನ್ನು ನಾನೇ ಅವರಿಗೆ ಕೊಟ್ಟಿರಲಿಲ್ಲವೇನೋ. "ನಿಯಮ ಹಾಗೆ ಅದ, ಬಾಯಿಪಾಠ ಮಾಡು" ಎಂದು ನನ್ನ ಗುರುಗಳು ನನಗೆ ಹೇಳಿದ್ದರು, ಅದನ್ನೇ ನಾನು ಮಕ್ಕಳಿಗೆ ಹೇಳುತ್ತ ಬಂದೆ.

ಅವತ್ತು ಹಾಗೆ ಹೇಳಲಿಲ್ಲ. ಲಕ್ಷ್ಮೀಪೂಜೆಗೆಂದು ಸಂದೂಕದಿಂದ ತೆಗೆದ ನನ್ನ ಅತ್ತೆಯ ಕಾಲದ ಎರಡು ಬೆಳ್ಳಿ ರೂಪಾಯಿ ಇನ್ನೂ ತಟ್ಟೆಯಲ್ಲೇ ಇದ್ದವು. ಇವಕ್ಕೆ ನಮ್ಮಲ್ಲಿ ಕಲ್ದಾರ ಅನ್ನುತ್ತಿದ್ದರು. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮರದು, ನಾಣ್ಯವೂ ಅವರದೇ, ಹಾಲಿ ಸಿಕ್ಕಾ. ಕಲ್ದಾರ ಬ್ರಿಟಿಷರ ರೂಪಾಯಿ. ಸೊಲ್ಲಾಪುರದ ಪೇಟೆಗೆ ಹೋಗಿಬರುವವರ ಕೈಯಲ್ಲಿ ಬರುತ್ತಿತ್ತು. ಹುಡುಗನಿಗೆ ಒಂದನ್ನು ಕೊಟ್ಟು ಓದು ಅಂದೆ. ರಾಜನ ಮುಖದ ಸುತ್ತ ಜಾರ್ಜ್, ಆಮೇಲೆ V. "ಜಾರ್ಜ್ ವ್ಹಿ" ಎಂದು ಓದಿದ. ಇನ್ನೊಂದರಲ್ಲಿ ಜಾರ್ಜ್, ಆಮೇಲೆ VI. ಎರಡನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ನೋಡಿದ. ಐದನೆಯ ಜಾರ್ಜ್ ಅಪ್ಪ, ಆರನೆಯ ಜಾರ್ಜ್ ಮಗ. ಐದರ ಬಲಕ್ಕೆ ಒಂದು ಗೆರೆ ಸೇರಿದರೆ ಆರು. ನಾನು ಹೇಳುವ ಮೊದಲೇ ಅವನೇ ಹೇಳಿದ.

ಆಮೇಲೆ ಐದನೆಯ ಜಾರ್ಜನ ನಾಣ್ಯ ತಿರುವಿಸಿದೆವು. ಹಿಂದೆ 1918. ಒಂದೇ ರೂಪಾಯಿಯ ಮುಂದೆ ರೋಮನ್ ಅಂಕಿ, ಹಿಂದೆ ನಮ್ಮ ನಿತ್ಯದ ಅಂಕಿ. ರಾಜನ ಹೆಸರಿನ ಜೊತೆ ಬಂದದ್ದು ಬರೀ ಗುರುತು, ಅದನ್ನು ಯಾರೂ ಕೂಡಿಸಿ ಕಳೆಯುವುದಿಲ್ಲ. ಇಸವಿಯ ಲೆಕ್ಕ ಹಾಕಬೇಕಾಗುತ್ತದೆ. ರೋಮನ್ ಅಂಕಿಗೆ ಇವತ್ತು ಉಳಿದಿರುವುದು ಆ ಮುಂದಿನ ಮುಖದ ಕೆಲಸವೇ: ತರಗತಿಯ ಬೋರ್ಡು, ಕಾಲೇಜಿನ ಸೆಮಿಸ್ಟರು, ಗಡಿಯಾರದ ಮುಖ, ಪುಸ್ತಕದ ಮುನ್ನುಡಿಯ ಪುಟಗಳು. ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳಿರುವುದು ಭಾಗ IIIರಲ್ಲಿ, ರಾಜ್ಯನೀತಿಯ ನಿರ್ದೇಶಕ ತತ್ವಗಳು ಭಾಗ IVರಲ್ಲಿ.

ಈ ಗುರುತು ಹುಟ್ಟಿದ್ದು ಹೇಗೆ? ತೊಗರಿ ಚೀಲ ಎಣಿಸುವ ಹಮಾಲರನ್ನು ನೋಡಿದವರಿಗೆ ಗೊತ್ತಾಗುತ್ತದೆ. ಚೀಲಕ್ಕೊಂದು ಗೆರೆ, ನಾಲ್ಕು ಗೆರೆ ನಿಂತವು, ಐದನೆಯದು ಅವುಗಳ ಮೇಲೆ ಓರೆ. ಕಣ್ಣು ಮೂರು ನಾಲ್ಕು ಗೆರೆಯನ್ನು ಒಂದೇ ನೋಟಕ್ಕೆ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಎಣಿಸಲೇಬೇಕು. ಇಟಲಿಯ ಕುರಿಗಾರರೂ ಒಕ್ಕಲಿಗರೂ ಕೋಲಿನ ಮೇಲೆ ಕಚ್ಚು ಹಾಕುತ್ತ ಐದನೆಯದಕ್ಕೆ V, ಹತ್ತನೆಯದಕ್ಕೆ X ಆಕಾರದ ಕಚ್ಚು ಕೊಟ್ಟರು, ಅಲ್ಲಿಂದಲೇ ಈ ಗುರುತು ಬಂದವು ಎಂಬುದು ಬಹಳ ವಿದ್ವಾಂಸರ ಮತ. ನನಗೂ ಅದೇ ಸರಿ ಕಾಣುತ್ತದೆ. ಅಕ್ಷರದ ರೂಪ ಆಮೇಲೆ ಬಂತು. ಐವತ್ತಕ್ಕೆ L, ನೂರಕ್ಕೆ C, ಐನೂರಕ್ಕೆ D, ಸಾವಿರಕ್ಕೆ M. ಲ್ಯಾಟಿನ್ನಿನಲ್ಲಿ ನೂರಕ್ಕೆ ಸೆಂಟುಮ್, ಸಾವಿರಕ್ಕೆ ಮಿಲ್ಲೆ ಅನ್ನುತ್ತಾರೆ. ಕ್ರಿಕೆಟ್ಟಿನ ಸೆಂಚುರಿ ಗೊತ್ತಿರುವ ಹುಡುಗರಿಗೆ C ಮರೆಯುವುದಿಲ್ಲ.

ಇನ್ನು ಕಳೆಯುವ ಲೆಕ್ಕ. ಮಕ್ಕಳು ಎಡವುವುದು ಇಲ್ಲಿಯೇ. ದೊಡ್ಡ ಗುರುತಿನ ಎಡಕ್ಕೆ ಚಿಕ್ಕದು ಬಂದರೆ ಕಳೆಯಬೇಕು. IV ನಾಲ್ಕು, IX ಒಂಬತ್ತು. ಇದೇನೋ ಪರದೇಶದ ಚಮತ್ಕಾರ ಎಂದು ಮಕ್ಕಳಿಗೆ ಅನ್ನಿಸುತ್ತದೆ. ಆದರೆ ನಮ್ಮ ಒಂಬತ್ತು ಎಂಬ ಮಾತನ್ನೇ ಬಿಡಿಸಿ ನೋಡಿ. ಒನ್ ಮತ್ತು ಪತ್ತು, ಅಂದರೆ ಹತ್ತಕ್ಕೆ ಒಂದು ಕಡಿಮೆ ಎಂದು ದ್ರಾವಿಡ ಭಾಷೆಗಳನ್ನು ಬಲ್ಲವರು ಬಿಡಿಸಿ ತೋರಿಸುತ್ತಾರೆ. ರೋಮನ್ನರು I ಮತ್ತು X ಬರೆದು ಹೇಳಿದ್ದನ್ನು ಕನ್ನಡ ಬಾಯಿಂದಲೇ ಹೇಳಿತು. ಗಡಿಯಾರ ನೋಡಿ "ಪಾವಣೆ ಹತ್ತು" ಅನ್ನುವ ನಮ್ಮ ಸೀಮೆಯವರಿಗಂತೂ, ಬರುವ ಸಂಖ್ಯೆಯಿಂದ ಹಿಂದಕ್ಕೆ ಕಳೆಯುವುದು ದಿನದ ರೂಢಿ.

ಹಾಗಾದರೆ ಹುಡುಗನ IXX ಎಲ್ಲಿಂದ ಬಂತು? ಅವನು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಗೋಲಿ ಆಡುವಾಗ ಎಣಿಸುವುದು ಮರಾಠಿಯಲ್ಲಿ: ಅಠರಾ, ಏಕೋಣೀಸ, ವೀಸ. ಏಕೋಣೀಸ ಅಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ಸಂಸ್ಕೃತದ ಏಕೋನವಿಂಶತಿಯ ಮಾತು. ಲ್ಯಾಟಿನ್ನಿನಲ್ಲೂ ಹತ್ತೊಂಬತ್ತಕ್ಕೆ ಉಂಡೇವಿಗಿಂಟಿ, ಇಪ್ಪತ್ತರಿಂದ ಒಂದು ಎಂದೇ ಹೇಳುತ್ತಿದ್ದರು. ಹುಡುಗನ ತಪ್ಪಿಗೆ ಎರಡು ಸಾವಿರ ವರ್ಷದ ಕಾರಣವಿತ್ತು! ಆದರೆ ಇಂದಿನ ಬರಹದ ಕ್ರಮ ಬೇರೆ. ಹತ್ತನ್ನೂ ಬಿಡಿಯನ್ನೂ ಬೇರೆಬೇರೆ ಬರೆದು ಜೋಡಿಸಬೇಕು.

"ಮರಾಠಿ ಬ್ಯಾಡ, ಕನ್ನಡದಾಗ ಹೇಳು" ಅಂದೆ.

"ಹತ್ತೊಂಬತ್ತು."

"ಬಿಡಿಸಿ ಹೇಳು."

"ಹತ್ತು... ಒಂಬತ್ತು." ಪೆನ್ಸಿಲು ತಾನೇ ನಡೆಯಿತು. X, ಆಮೇಲೆ IX. XIX.

ಅವನಿಗಿಂತ ನನಗೇ ಹೆಚ್ಚು ಹಿಗ್ಗಾಯಿತು. ಪುಸ್ತಕದ ಆಚೆಗೂ ಹೋದೆವು. ನಲವತ್ತೊಂಬತ್ತು: ಮರಾಠಿಯ ಏಕೋಣಪನ್ನಾಸ ಕೇಳಿ ಬರೆದರೆ IL, ತಪ್ಪು. ಕನ್ನಡದ ನಲವತ್ತು ಒಂಬತ್ತು ಬರೆದರೆ XL, IX, XLIX, ಸರಿ. ತೊಂಬತ್ತೊಂಬತ್ತು IC ಅಲ್ಲ, ತೊಂಬತ್ತರ XC ಮತ್ತು ಒಂಬತ್ತರ IX ಸೇರಿ XCIX. ಮಕ್ಕಳಿಗೆ ಕಂಠಪಾಠ ಮಾಡಿಸುವ ನಿಯಮವೂ ಇದೇ: I ಕಳೆಯುವುದು V, Xಗಳಿಂದ ಮಾತ್ರ; X ಕಳೆಯುವುದು L, Cಗಳಿಂದ; C ಕಳೆಯುವುದು D, Mಗಳಿಂದ. V, L, D ಎಂದೂ ಕಳೆಯುವುದಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಸಂಖ್ಯೆಯನ್ನು ಬಿಡಿಸಿ ಹೇಳುತ್ತ ಬರೆಯುವ ಮಗುವಿಗೆ ಈ ನಿಯಮದ ಅರ್ಧ ಭಾರ ಇಳಿಯುತ್ತದೆ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಬ್ಬ ಹುಡುಗಿ ನಾಲ್ಕಕ್ಕೆ IIII ಎಂದು ಬರೆದಳು. ಗುಣಾಕಾರ ಹಾಕಿ ಗದರಿಸಿದೆ. "ಅಕ್ಕೋರೆ, ನಮ್ಮ ಮನ್ಯಾಗಿನ ಗಡಿಯಾರದಾಗ ಹಿಂಗೇ ಅದ" ಅಂದಳು. ಗಡಿಯಾರವೇ ತಪ್ಪು ಅಂದುಬಿಟ್ಟೆ. ಎಷ್ಟೋ ವರ್ಷದ ಮೇಲೆ ತಿಳಿಯಿತು, ರೋಮನ್ ಅಂಕಿಯ ಗಡಿಯಾರಗಳಲ್ಲಿ ನಾಲ್ಕಕ್ಕೆ IIII ಹಾಕುವುದು ಹಳೆಯ ಸಂಪ್ರದಾಯ. ಹಾಗೆ ಹಾಕಿದರೆ ಮೊದಲ ನಾಲ್ಕು ಗಂಟೆಗಳಲ್ಲಿ ಬರೀ I, ನಡುವಿನ ನಾಲ್ಕರಲ್ಲಿ V, ಕಡೆಯ ನಾಲ್ಕರಲ್ಲಿ X ಬಂದು ಮುಖ ಸಮನಾಗಿ ಕಾಣುತ್ತದೆ. ರೋಮ್ ನಗರದ ಕೊಲೊಸಿಯಂನಲ್ಲಿ ಬಾಗಿಲು ಬಾಗಿಲಿಗೆ ಸಂಖ್ಯೆ ಕೆತ್ತಿದ್ದಾರೆ. ಅಲ್ಲಿಯ ನಲವತ್ತನಾಲ್ಕನೆಯ ಬಾಗಿಲ ಮೇಲೆ ಇರುವುದು XLIIII. ನಲವತ್ತಕ್ಕೆ ಕಳೆದು ಬರೆದವರು ನಾಲ್ಕಕ್ಕೆ ಕೂಡಿಸಿಯೇ ಬರೆದಿದ್ದಾರೆ. ಇವತ್ತಿನ ಪಠ್ಯದ ಕಟ್ಟುನಿಟ್ಟು ರೋಮನ್ನರಿಗೇ ಇರಲಿಲ್ಲ. ಆ ಹುಡುಗಿ ಕಣ್ಣಿಂದ ಕಂಡದ್ದನ್ನು ಬರೆದಿದ್ದಳು. ಆ ಗದರಿಕೆ ನನಗೆ ಇವತ್ತೂ ನೋಯುತ್ತದೆ.

ರೋಮನ್ ಅಂಕಿ ಲೆಕ್ಕಕ್ಕೆ ಯಾಕೆ ಒಗ್ಗಲಿಲ್ಲ ಎಂಬುದನ್ನೂ ಮಕ್ಕಳಿಗೆ ತೋರಿಸಬೇಕು. 1888 ಎಂದು ಬರೆಯಲು ಹದಿಮೂರು ಗುರುತು ಬೇಕು: MDCCCLXXXVIII. ಇದಕ್ಕಿಂತ ದೊಡ್ಡದಾದ 2000ಕ್ಕೆ ಎರಡೇ: MM. ಉದ್ದ ನೋಡಿ ದೊಡ್ಡದು ಯಾವುದು ಎಂದು ಹೇಳಲು ಬರುವುದಿಲ್ಲ. ಸೊನ್ನೆ ಇಲ್ಲ, ಸ್ಥಾನಬೆಲೆ ಇಲ್ಲ. ಅದಕ್ಕೇ ರೋಮನ್ನರು ಲೆಕ್ಕವನ್ನು ಮಣೆಯ ಮೇಲೆ ಹರಳಿಟ್ಟು ಮಾಡಿ, ಬಂದ ಉತ್ತರವನ್ನಷ್ಟೇ ಬರೆಯುತ್ತಿದ್ದರು.

ನಮ್ಮ ಗಡಿಯಲ್ಲಿ ನಾಲ್ಕು ಬಗೆಯ ಅಂಕಿ ಓಡಾಡುತ್ತವೆ. ಕನ್ನಡದ್ದು, ಆಚೆಯ ಬಸ್ಸಿನ ಮೇಲಿನ ದೇವನಾಗರಿಯದು, ನಿಜಾಮರ ಕಾಲದ ಕಾಗದಪತ್ರಗಳ ಉರ್ದುವಿನದು, ಇಂಗ್ಲಿಷಿನದು. ನಮ್ಮ ಸೊನ್ನೆ ದುಂಡು, ಉರ್ದುವಿನ ಸೊನ್ನೆ ಒಂದು ಚುಕ್ಕೆ. ರೂಪ ಬೇರೆಯಾದರೂ ನಾಲ್ಕೂ ಒಂದೇ ಬಳಗ, ಎಲ್ಲಕ್ಕೂ ಸ್ಥಾನಬೆಲೆಯೇ ತಾಯಿಬೇರು. ಈ ಬಳಗ ಹುಟ್ಟಿದ್ದು ಭಾರತದಲ್ಲಿ. ಅರಬರ ಕೈದಾಟಿ ಯುರೋಪಿಗೆ ಹೋಯಿತು. 1202ರಲ್ಲಿ ಪೀಸಾದ ಲಿಯೊನಾರ್ಡೊ, ಫಿಬೊನಾಚಿ ಎಂದು ಹೆಸರಾದವನು, ಪುಸ್ತಕ ಬರೆದು ಈ ಅಂಕಿಗಳನ್ನು ಅಲ್ಲಿಯವರಿಗೆ ಕಲಿಸಿದ. ಆದರೂ 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ ಲೆಕ್ಕದ ಪುಸ್ತಕಗಳಲ್ಲಿ ಇವನ್ನು ಬಳಸಬಾರದೆಂದು ಕಟ್ಟಳೆ ಮಾಡಿತು.

ಅದಕ್ಕೂ ನಾಲ್ಕು ನೂರು ವರ್ಷ ಮೊದಲು ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಏಕ, ದಶ, ಶತ ಎಂದು ಹಿಡಿದು ಇಪ್ಪತ್ನಾಲ್ಕು ಸ್ಥಾನಗಳಿಗೆ ಅವನು ಹೆಸರು ಕೊಟ್ಟಿದ್ದಾನೆ. ಹಾರದಂತೆ ಕಾಣುವ ಗುಣಾಕಾರಗಳನ್ನೂ ಕೊಟ್ಟಿದ್ದಾನೆ: 139ನ್ನು 109ರಿಂದ ಗುಣಿಸಿದರೆ 15151, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಹುಡುಗನಿಗೆ ಇದನ್ನು ಪಾಟಿಯ ಮೇಲೆ ಮಾಡಿಸಿದೆ. ಆಮೇಲೆ CXXXIXನ್ನು CIXರಿಂದ ಗುಣಿಸು ಅಂದೆ. ಎರಡನ್ನೂ ಒಂದರ ಕೆಳಗೊಂದು ಬರೆದು, ಎಲ್ಲಿಂದ ಹಿಡಿಯಬೇಕು ಎಂದು ತಿಳಿಯದೆ ಬಹಳ ಹೊತ್ತು ಕೂತ. "ಆಯಿ, ಇದರಾಗ ಹಾರ ಕಾಣ್ಸಂಗೇ ಇಲ್ಲ" ಅಂದ. ಸ್ಥಾನಬೆಲೆ ಅಂದರೇನು ಎಂಬುದು ಅವನಿಗೆ ಅವತ್ತು ತಿಳಿಯಿತು. ಮಕ್ಕಳಿಗೆ ರೋಮನ್ ಅಂಕಿ ಕಲಿಸಲೇಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ. ಗಡಿಯಾರ ಓದಲು ಬರುವುದು ಒಂದು ಉಪಯೋಗ. ನಮ್ಮ ಸೊನ್ನೆಯ ಬೆಲೆ ಕಣ್ಣಿಗೆ ಕಾಣುವುದು ಅದಕ್ಕಿಂತ ದೊಡ್ಡದು.

ಈ ಕಡೆಯ, ಆ ಕಡೆಯ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಯಾವುದಾದರೂ ಮಗು IXX ಎಂದು ಬರೆದರೆ ಕೆಂಪು ಶಾಯಿ ಎತ್ತುವ ಮೊದಲು, ಆ ಸಂಖ್ಯೆಯನ್ನು ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳಿಸಿ.